ಫೈಲಕಾದಲ್ಲಿ ತುಂಬಿದ ಮಡಿಲು

ನಾನು ಹೇಳಹೊರಟಿರುವುದು ನಡೆದದ್ದೇ ಹೌದೇ ಎಂದು ನನಗೆ ಖಾತ್ರಿಯಿಲ್ಲ. ಆ ಚಳಿಗಾಲ ಇತ್ತು, ಸೆವ್ರಿನ್ ಆಂಟಿ ಇದ್ದರು, ನಾವೆಲ್ಲ ಕುವೈತಿನ ಫೈಲಕಾ ದ್ವೀಪಕ್ಕೆ ಹೋಗಿದ್ದೆವು. ಇಷ್ಟನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಆಮೇಲಿನದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಆ ದ್ವೀಪದ ಹಾಳು ಮಠದ ಬೇಲಿಯ ಪಕ್ಕದಲ್ಲಿ ಅಮ್ಮ ಮಾಡಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮನನ್ನು ಕೇಳಿದರೆ, “ನಾನೆಲ್ಲಿ ಮಾಡ್ದೆ? ಕನಸು ಕಂಡಿದೀಯ ಹೋಗೋ” ಎನ್ನುತ್ತಾಳೆ.

ಕಣ್ಣಿಗೆ ಕಟ್ಟಿದ ಹಾಗಿರುವುದೇ ನನಗೆ ಅನುಮಾನ. ಯೂನಿವರ್ಸಿಟಿಯಲ್ಲಿ ಅಷ್ಟು ವರ್ಷ ಕೂತು ನಾನು ಕಲಿತದ್ದು ಹೆಚ್ಚುಕಡಿಮೆ ಒಂದೇ ವಿಷಯ: ತೀರಾ ಚೆನ್ನಾಗಿ ನೆನಪಿರುವುದನ್ನು ಮೊದಲು ಶಂಕಿಸು. ಈ ನೆನಪಿನಲ್ಲಿ ಎದ್ದು ಕಾಣುವ ಒಂದು ಸುಳ್ಳು ಆಗಲೇ ಇದೆ. ಇದರೊಳಗೆ ನಾನು ಎಲ್ಲರ ಜೊತೆಯೂ ಸೊಗಸಾಗಿ ಕನ್ನಡ ಮಾತಾಡುತ್ತೇನೆ. ಆದರೆ ಖೈತಾನಿನ ಇಂಡಿಯನ್ ಸ್ಕೂಲಿನಲ್ಲಿ ಓದುತ್ತಿದ್ದ ಆ ಹುಡುಗ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ. ನನಗೇ ಗೊತ್ತಿಲ್ಲದ ಹಾಗೆ ಯಾವುದೋ ಕಾಲದಲ್ಲಿ ನನ್ನ ಬಾಲ್ಯವನ್ನು ನಾನೇ ಕನ್ನಡಕ್ಕೆ ತಂದುಕೊಂಡಿದ್ದೇನೆ. ಹಾಗಿರುವಾಗ ಉಳಿದದ್ದನ್ನು ಹೇಗೆ ನಂಬಲಿ?

ಆ ದಿನಗಳಲ್ಲಿ ಕುವೈತಿನಲ್ಲಿ ಬೆಳೆದ ನಮ್ಮಂಥವರಿಗೆ ವರ್ಷಕ್ಕೆ ಇದ್ದದ್ದು ಎರಡೇ ಕಾಲ. ಏಸಿಯ ಕಾಲ, ಕಿಟಕಿ ತೆರೆಯುವ ಕಾಲ. ಏಸಿಯ ಕಾಲದಲ್ಲಿ ಇಡೀ ಕಟ್ಟಡ ಬಾಯಿ ಮುಚ್ಚಿಕೊಂಡು ಗುಂಯ್ಗುಡುತ್ತಿತ್ತು. ಕಿಟಕಿ ತೆರೆದ ದಿನ ಎಲ್ಲ ಮನೆಗಳೂ ಒಟ್ಟಿಗೆ ಮಾತು ಕಲಿತ ಹಾಗೆ. ಕೆಳಗಿನ ಬೇಕರಿಯಿಂದ ಆಗ ತಾನೇ ತೆಗೆದ ಖುಬೂಸ್ ರೊಟ್ಟಿಯ ವಾಸನೆ, ಮಲಯಾಳಿಗಳ ಮನೆಯಿಂದ ಒಗ್ಗರಣೆಯ ಕರಿಬೇವು, ಮಹಡಿಯ ಮೇಲೆ ಪಾರಿವಾಳ ಸಾಕಿದ್ದ ಯಾರದೋ ಸಿಳ್ಳೆ. ರಾತ್ರಿ ಒಂದು ಹನಿ ಮಳೆ ಬಿದ್ದರೂ ಸಾಕು, ಬೆಳಿಗ್ಗೆ ಮರಳುಗಾಡು ಹಸಿ ಮಡಕೆಯ ಹಾಗೆ ಘಮಿಸುತ್ತಿತ್ತು. ನಾವು ಮಕ್ಕಳು ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಕಾರಿಡಾರಿನಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಲಿಫ್ಟಿನ ಬಾಗಿಲಿಗೆ ಚೆಂಡು ತಾಗಿದರೆ ನಾಲ್ಕು, ಬಾಗಿಲು ತೆರೆದು ಒಳಗೆ ಹೋಗಿಬಿಟ್ಟರೆ ಔಟು.

ಅಪ್ಪ ಇಂಜಿನಿಯರ್, ಅಮ್ಮ ಬ್ಯಾಂಕಿನಲ್ಲಿ. ಇಬ್ಬರೂ ಮೈಸೂರಿನವರು. ಶಾಲೆಯ ವ್ಯಾನು ನನ್ನನ್ನು ಮಧ್ಯಾಹ್ನವೇ ಇಳಿಸಿ ಹೋಗುತ್ತಿತ್ತು, ಅಮ್ಮ ಬರುವುದು ಸಂಜೆ. ನಡುವಿನ ಆ ಹೊತ್ತಿಗೆ ನನ್ನ ಒಡತಿ ಸೆವ್ರಿನ್ ಆಂಟಿ. ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ, ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಎದುರಿನ ಫ್ಲಾಟನ್ನು ನರ್ಸುಗಳೇ ಸೇರಿ ಹಿಡಿದಿದ್ದರು. ಅದರ ಒಂದು ಕೋಣೆಯಲ್ಲಿ ಎರಡು ಮಂಚ, ಮಂಚಗಳ ನಡುವೆ ಒಂದು ಪರದೆ. ಪರದೆಯ ಈಚೆಗಿನ ಅರ್ಧ ಕೋಣೆ ಆಂಟಿಯ ಮನೆ. ನೈಟ್ ಡ್ಯೂಟಿ ಮುಗಿಸಿ ಮಲಗಿದವರು ನಾನು ಬೆಲ್ ಒತ್ತುವಷ್ಟರಲ್ಲಿ ಎದ್ದು ಗಂಜಿ ಬಿಸಿಗಿಟ್ಟಿರುತ್ತಿದ್ದರು. ಕೆಂಪಗಿನ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಉಪ್ಪಿನಲ್ಲಿಟ್ಟ ಮಾವಿನಕಾಯಿ. ನಮ್ಮ ಮನೆಯ ಬೆಳ್ಳಗಿನ ಸೋನಾ ಮಸೂರಿ ತಿಂದು ಬೆಳೆದ ನನಗೆ ಆ ಅಗುಳು ಮೊದಮೊದಲು ಯಾವುದೋ ಹುಳದ ಹಾಗೆ ಕಂಡು, ಆಮೇಲೆ ಅದಿಲ್ಲದೆ ಊಟ ಸೇರದಂತಾಯಿತು.

“ಪುತಾ, ತಿನ್ನುವಾಗ ಬೊಬ್ಬೆ ಹೊಡಿಬೇಡ. ಆಚೆಯವಳು ಮಲಗಿದ್ದಾಳೆ,” ಎನ್ನುತ್ತಿದ್ದರು. ಪುತಾ ಎಂದರೆ ಅವರ ಮಾತಿನಲ್ಲಿ ಮಗನೇ ಎಂದು. ನನ್ನನ್ನು ಹಾಗೆ ಕರೆದವರು ಅವರೊಬ್ಬರೇ.

ಊಟವಾದ ಮೇಲೆ ಚೆನ್ನೆಮಣೆ. ಮಣೆ ಎಲ್ಲಿಂದ ಬರಬೇಕು? ಡಜನ್ ಮೊಟ್ಟೆಯ ಡಬ್ಬಿಯಲ್ಲಿ ಸಾಲಿಗೆ ಆರು ಗುಳಿ. ಸಾಲಿನ ತುದಿಗೆ ಒಂದೊಂದು ಡಬ್ಬದ ಮುಚ್ಚಳ ಅಂಟಿಸಿದರೆ ಏಳಾಗುತ್ತದೆ. ಕಾಯಿಗಳೆಂದರೆ ಖರ್ಜೂರದ ಬೀಜ. ಸೆವ್ರಿನ್ ಆಂಟಿ ಮೋಸ ಮಾಡಿ ಆಡುತ್ತಿದ್ದರು, ಮಾಡಿದ್ದನ್ನು ತಾವೇ ಹೇಳಿ ನಗುತ್ತಿದ್ದರು. ನನಗೆ ಹೊಟ್ಟೆನೋವು ಬಂದರೆ ಲೂಮಿಯನ್ನು ಒಡೆದು ಬಿಸಿನೀರಿಗೆ ಹಾಕಿ ಸಕ್ಕರೆ ಬೆರೆಸಿ ಕುಡಿಸುವರು. ಲೂಮಿ ಎಂದರೆ ಒಣಗಿಸಿದ ನಿಂಬೆ. ಇಲ್ಲಿನ ಅಡುಗೆಮನೆಗಳಲ್ಲಿ ಎಲ್ಲೆಲ್ಲೂ ಇರುತ್ತದೆ. ಕಪ್ಪಗೆ, ಹಗುರವಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವ ಪುಟ್ಟ ಚೆಂಡು. ಆ ಡಬ್ಬದಿಂದ ಒಂದನ್ನು ಎಗರಿಸಿ ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ಶಾಲೆಗೂ ಒಯ್ಯುತ್ತಿದ್ದೆ. ಹೆದರಿಕೆಯಾದಾಗ ಜೇಬಿನೊಳಗೇ ಅಲ್ಲಾಡಿಸಿದರೆ ಆಂಟಿಯ ಕೋಣೆಯ ಸದ್ದು.

ಆ ಚಳಿಗಾಲದ ಒಂದು ಸಂಜೆ ಸೆವ್ರಿನ್ ಆಂಟಿ ನಮ್ಮ ಮನೆಯ ಸೋಫಾದಲ್ಲಿ ಕೂತು, ತಾನು ಕೆಲಸ ಬಿಟ್ಟು ಊರಿಗೆ ಹೋಗಿ ಸನ್ಯಾಸಿನಿಯರ ಮಠಕ್ಕೆ ಸೇರುವುದಾಗಿ ಹೇಳಿದರು. ಕಾರ್ಕಳದ ಕಡೆಯ ಒಂದು ಮಠ. ವಯಸ್ಸಾದ, ದಿಕ್ಕಿಲ್ಲದ ಹೆಂಗಸರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾರಂತೆ.

ಅಮ್ಮ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು.

“ಆಸ್ಪತ್ರೇಲಿ ಎಲ್ರೂ ಆಗ್ಲೇ ಸಿಸ್ಟರ್ ಸಿಸ್ಟರ್ ಅಂತಾರಲ್ಲೇ, ಸಾಲ್ದಾ ನಿಂಗೆ?”

“ಅದು ಬೇರೆ ಅಕ್ಕ.”

“ಏನ್ ಬೇರೆ? ಅಲ್ಲೂ ಮುದುಕೀರ ಬೆನ್ನು ಒರೆಸೋದು, ಇಲ್ಲೂ ಅದೇ. ನಿನ್ ವಯಸ್ಸಿನವರಿಗೆ ಒಂದು ಮನೆ, ಒಂದು ಮಗು… ನಿಮ್ಮಣ್ಣ ಏನಂದ್ರು?”

“ಅವ ಮಾತು ಬಿಟ್ಟಿದ್ದಾನೆ.”

“ಬಿಡ್ದೇ ಇನ್ನೇನು!”

“ನೀವೂ ಬಿಡ್ಬೇಡಿ ಮತ್ತೆ ಅಕ್ಕ. ಇನ್ನು ಯಾರುಂಟು ನಂಗೆ ಇಲ್ಲಿ?” ಎಂದು ಸೆವ್ರಿನ್ ಆಂಟಿ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಅಮ್ಮ ಮಾತು ಬಿಡಲಿಲ್ಲ. ಮಾತಾಡುವುದನ್ನು ಇನ್ನೂ ಜಾಸ್ತಿ ಮಾಡಿದಳು. ಸೆವ್ರಿನ್ ಆಂಟಿ ಇನ್ನೂ ರಾಜೀನಾಮೆ ಕೊಟ್ಟಿರಲಿಲ್ಲ. ಕೊಟ್ಟು, ಇಲ್ಲಿರಲು ಬೇಕಾದ ಪರವಾನಗಿ ಇಕಾಮಾವನ್ನು ಕ್ಯಾನ್ಸಲ್ ಮಾಡಿಸಿ ವಿಮಾನ ಹತ್ತಿದರೆಂದರೆ ಮುಗಿಯಿತು, ಈ ದೇಶಕ್ಕೆ ಮತ್ತೆ ಬರುವ ಮಾತಿಲ್ಲ. ಅಷ್ಟರೊಳಗೆ ಅವರ ಮನಸ್ಸು ತಿರುಗಿಸಬೇಕು. ನಮ್ಮ ಮನೆಯಲ್ಲಿ ಆ ಚಳಿಗಾಲವೆಲ್ಲ ಅದೇ ಮಾತು, ಅದೇ ಗುರಿ. ಅಮ್ಮನ ಪಕ್ಷದಲ್ಲಿ ಅವಳಿಗಿಂತ ಗಟ್ಟಿಯಾಗಿ ನಿಂತಿದ್ದವನು ನಾನು. ಅವರು ಹೋದರೆ ಮಧ್ಯಾಹ್ನ ಬೆಲ್ ಒತ್ತಿದಾಗ ಬಾಗಿಲು ತೆರೆಯುವವರೇ ಇರುವುದಿಲ್ಲವಲ್ಲ.

ಫೈಲಕಾದ ಉಪಾಯ ಹೊಳೆದದ್ದು ಅಮ್ಮನಿಗೆ, ಅದಕ್ಕೆ ಕಾರಣ ಅಪ್ಪ. ಭಾನುವಾರದ್ದೋ ಶುಕ್ರವಾರದ್ದೋ ಪೇಪರಿನಲ್ಲಿ ಆ ದ್ವೀಪದ ಬಗ್ಗೆ ಓದಿ, ಅಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಕ್ರಿಶ್ಚಿಯನ್ ಮಠದ ಅವಶೇಷಗಳು ಮಣ್ಣಿನಡಿ ಸಿಕ್ಕಿವೆ, ಸುತ್ತ ಬೇಲಿ ಹಾಕಿ ಕಾಯುತ್ತಿದ್ದಾರೆ ಎಂದು ಅಪ್ಪ ಊಟದ ಹೊತ್ತಿಗೆ ಹೇಳಿದರು. ಸೆವ್ರಿನ್ ಆಂಟಿಗೂ ಅದು ಗೊತ್ತಿತ್ತು. ಅಲ್ಲಿ ಸನ್ಯಾಸಿನಿಯರೂ ಇದ್ದರಂತೆ ಎಂದು ಚರ್ಚಿನಲ್ಲಿ ಯಾರೋ ಹೇಳಿದ್ದರು. ಹೋಗುವ ಮೊದಲು ಒಮ್ಮೆ ನೋಡಬೇಕೆಂದು ಅವರಿಗೆ ಆಸೆ.

“ಹೋಗೋಣ,” ಎಂದಳು ಅಮ್ಮ. ಸೆವ್ರಿನ್ ಆಂಟಿ ಎದ್ದು ಹೋದ ಮೇಲೆ ಅಪ್ಪನಿಗೆ, “ನೋಡ್ಲಿ ಒಂದ್ಸಲ. ಕೊನೆಗೆ ಏನುಳೀತು ಅಂತ ಕಣ್ಣಾರೆ ಕಂಡ್ರೆ ಬುದ್ಧಿ ಬರುತ್ತೆ” ಎಂದಳು.

ನನಗೂ ಅದು ಸರಿಯೆನಿಸಿತು. ಮುರಿದ ಮನೆ ನೋಡಿದ ಮೇಲೆ ಅಂಥ ಮನೆಗೆ ಯಾರು ಹೋಗುತ್ತಾರೆ?

ಹೋಗಲು ಗಾಡಿ ಹಮೀದ್ ಭಾಯಿಯದು. ಪುತ್ತೂರಿನ ಬ್ಯಾರಿ, ಶುವೈಖ್‌ನಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ ನಡೆಸುತ್ತಿದ್ದವರು, ಅಪ್ಪನ ಹಳೆಯ ಗೆಳೆಯ. ಅವರ ದೊಡ್ಡ ಜೀಪನ್ನೇ ಹಡಗಿಗೆ ಹತ್ತಿಸಿದೆವು. ಡೀಸೆಲ್ ಹೊಗೆ, ಉಪ್ಪು ಗಾಳಿ, ಡೆಕ್ಕಿನ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು. ಅಮ್ಮ ಡಿಕ್ಕಿಯಲ್ಲಿ ಗ್ಯಾಸ್ ಸ್ಟೌ, ಕುಕ್ಕರ್, ಅಕ್ಕಿ, ಬೇಳೆ, ಮಸಾಲೆ ಡಬ್ಬಿ ಎಲ್ಲ ತುಂಬಿದ್ದಳು. ಸಮುದ್ರದ ದಡದಲ್ಲಿ ಬಿಸಿಬೇಳೆಬಾತ್ ಮಾಡುವುದೆಂದು ಅಪ್ಪನಿಗೆ ಮಾತು ಕೊಟ್ಟಾಗಿತ್ತು. ಹಮೀದ್ ಭಾಯಿಯೂ ಸೆವ್ರಿನ್ ಆಂಟಿಯೂ ದಾರಿಯುದ್ದಕ್ಕೂ ತುಳುವಿನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ಅಮ್ಮ ಅನುಮಾನದಿಂದ ನೋಡುತ್ತ, “ಏನೇ ಅದು, ನನ್ ಬಗ್ಗೇನಾ?” ಎಂದು ಕೇಳುತ್ತಿದ್ದಳು.

“ಅಲ್ಲ ಅಕ್ಕ. ಬಂಗುಡೆ ಬಗ್ಗೆ.”

ದ್ವೀಪದಲ್ಲಿ ಇಳಿದ ಕೂಡಲೇ ಮೊದಲು ಕಂಡದ್ದು ಯುದ್ಧದ ಕಾಲದಲ್ಲಿ ಜನ ಬಿಟ್ಟುಹೋದ ಮನೆಗಳು. ಗೋಡೆಗಳ ತುಂಬ ಗುಂಡಿನ ತೂತು, ಬಾಗಿಲಿಲ್ಲದ ಬಾಗಿಲುಗಳು, ಒಂದು ಮಹಡಿಯ ಮೇಲೆ ಇನ್ನೂ ನಿಂತಿದ್ದ ಆಂಟೆನಾ. ಅಮ್ಮ ಅದನ್ನೆಲ್ಲ ಸೆವ್ರಿನ್ ಆಂಟಿಗೆ ತೋರಿಸುತ್ತ, ತನ್ನ ಕೆಲಸ ಅರ್ಧ ಮುಗಿದಂತೆ ನಿಟ್ಟುಸಿರು ಬಿಟ್ಟಳು. ಊರು ದಾಟಿದರೆ ಬಯಲು. ಆ ವರ್ಷ ಒಳ್ಳೆ ಮಳೆಯಾಗಿತ್ತೋ ಏನೋ, ನೆಲದ ಮೇಲೆಲ್ಲ ಹಳದಿ ಹೂವು. ಆ ಹೂವು ನನ್ನ ನೆನಪಿನಲ್ಲಿ ಯಾಕೋ ತುಂಬಾ ಜಾಸ್ತಿ ಇದೆ. ಅರ್ಧದಷ್ಟಾದರೂ ನಾನು ಸೇರಿಸಿದ್ದಿರಬೇಕು.

ಬಯಲಿನ ನಡುವೆ ತಂತಿ ಬೇಲಿ. ಒಂದು ಬೋರ್ಡು: ಸಂರಕ್ಷಿತ ಸ್ಥಳ, ಒಳಗೆ ಹೋಗಬಾರದು. ಒಂದು ತಗಡಿನ ಕೋಣೆ, ಅದರೊಳಗಿಂದ ಟೀ ಲೋಟ ಹಿಡಿದು ಬಂದ ಈಜಿಪ್ಟಿನ ಕಾವಲುಗಾರ. “ಮಮ್ನೂ, ಮಮ್ನೂ,” ಎಂದು ಮೊದಲೇ ಕೈಯಾಡಿಸಿದ. ಒಳಗೆ ಬಿಡುವುದಿಲ್ಲ ಎಂದು. ಹಮೀದ್ ಭಾಯಿ ಅವನ ಹೆಗಲ ಮೇಲೆ ಕೈಹಾಕಿ ಅರಬಿಯಲ್ಲಿ ಅವನ ಮಕ್ಕಳನ್ನೆಲ್ಲ ವಿಚಾರಿಸಿದರು. ಒಳಗೆ ಬಿಡಲಿಲ್ಲ, ಆದರೆ ಬೇಲಿಯ ಸುತ್ತ ಎಷ್ಟು ಹೊತ್ತು ಬೇಕಾದರೂ ನಿಲ್ಲಿ ಎಂದ.

ಬೇಲಿಗೆ ಮುಖವಿಟ್ಟು ನೋಡಿದೆ. ನಿಜ ಹೇಳಬೇಕೆಂದರೆ ಏನೂ ಇರಲಿಲ್ಲ. ನನ್ನ ಮೊಣಕಾಲೆತ್ತರದ ಮಣ್ಣಿನ ಗೋಡೆಗಳು, ಗೋಡೆ ಎನ್ನುವುದಕ್ಕಿಂತ ನೆಲದ ಮೇಲೆ ಬರೆದ ಗೆರೆಗಳು. ಚೌಕ, ಚೌಕದೊಳಗೆ ಚೌಕ. ದೊಡ್ಡದೊಂದು ಚರ್ಚು ಇದ್ದ ಜಾಗ, ಸುತ್ತ ದೂರದೂರಕ್ಕೆ ಪುಟ್ಟ ಮನೆಗಳು. ಯಾರೋ ಮರಳಲ್ಲಿ ಮನೆಯಾಟ ಆಡಿ ಊಟಕ್ಕೆ ಎದ್ದು ಹೋದ ಹಾಗೆ.

ಅಮ್ಮ ಶುರುಮಾಡಿದಳು. “ನೋಡೇ ಸೆವ್ರಿನ್. ಇಷ್ಟೇ. ಒಂದು ಬಾಗಿಲಿಲ್ಲ, ಒಂದು ಒಲೆ ಇಲ್ಲ. ಯಾರಿದ್ರು, ಏನು ಹೆಸರು, ಹೇಳೋರಿಲ್ಲ. ಎಲ್ಲ ಮಣ್ಣಾಗೋಗಿದೆ.”

ಸೆವ್ರಿನ್ ಆಂಟಿ ಕೇಳಿಸಿಕೊಳ್ಳುತ್ತಿರಲಿಲ್ಲ. ಬೇಲಿ ಹಿಡಿದುಕೊಂಡು ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತ ನೋಡುತ್ತಿದ್ದರು. ಖೈತಾನಿನಲ್ಲಿ ಬಾಡಿಗೆಗೆ ರೂಮು ನೋಡಲು ಹೋದ ಹೆಂಗಸರು ನೋಡುವುದು ಹಾಗೆಯೇ: ಕಿಟಕಿ ಯಾವ ದಿಕ್ಕಿಗೆ, ನೀರು ಎಲ್ಲಿಂದ, ಬಟ್ಟೆ ಎಲ್ಲಿ.

“ಅಕ್ಕ, ಇದು ಒಬ್ಬರ ರೂಮು ಆಯ್ತಾ. ಇದು ಅಂಗಳ. ಬಟ್ಟೆ ಒಣಗಿಸ್ಲಿಕ್ಕೆ ಎಷ್ಟು ಜಾಗ ಉಂಟು ನೋಡಿ! ಪರದೆ ಗಿರದೆ ಎಂತ ಬೇಡ. ನಮ್ಮ ರೂಮಿಗಿಂತ ದೊಡ್ಡದುಂಟು ಮಾರಾಯ್ರೆ.” ಆಮೇಲೆ ತಿರುಗಿ, “ಹಮೀದಾಕ, ಬಾಡಿಗೆ ಎಷ್ಟಂತೆ ಕೇಳಿ” ಎಂದರು.

“ಕಫೀಲ್ ಯಾರು ಅಂತ ಮೊದ್ಲು ಕೇಳ್ಬೇಕು ಬಾಯಮ್ಮ,” ಎಂದರು ಹಮೀದ್ ಭಾಯಿ. ಕಫೀಲ್ ಇಲ್ಲದೆ, ನಮ್ಮ ಹೊಣೆ ಹೊರುವ ಆ ಯಜಮಾನನಿಲ್ಲದೆ, ಇಲ್ಲಿ ಯಾರಿಗೂ ಒಂದು ದಿನವೂ ಇರಲಾಗದು.

ಸೆವ್ರಿನ್ ಆಂಟಿ ಬೆರಳನ್ನು ಆಕಾಶಕ್ಕೆ ಮಾಡಿ ತೋರಿಸಿದರು. “ಆ ಕಫೀಲ್ ಒಳ್ಳೆಯವ. ಇಕಾಮಾ ಕ್ಯಾನ್ಸಲ್ ಮಾಡುದಿಲ್ಲ.”

ಎಲ್ಲರೂ ನಕ್ಕರು. ಅಪ್ಪ ಕೂಡ. ನಗದವರು ನಾನೂ ಅಮ್ಮನೂ. ಅಮ್ಮ ಸೆವ್ರಿನ್ ಆಂಟಿಯ ಮುಖವನ್ನೇ ನೋಡುತ್ತಿದ್ದಳು. ಗಾಳಿಗೆ ಕೂದಲೆಲ್ಲ ಕೆದರಿ, ಬೇಲಿಯ ತಂತಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದ ಆ ಮುಖದಲ್ಲಿ ಏನಿತ್ತೋ ನನಗೆ ಆಗ ತಿಳಿಯಲಿಲ್ಲ. ಅಮ್ಮ ಮಾತ್ರ ಅಪ್ಪನ ಕಡೆ ತಿರುಗಿ, ಸೋತ ದನಿಯಲ್ಲಿ ಹೇಳಿದಳು:

“ಮನೆ ನೋಡಿ ಒಪ್ಕೊಂಡ್ಬಿಟ್ಟಿದಾಳೆ ಕಣ್ರೀ ಇವಳು.”

ಇಲ್ಲಿಂದ ಮುಂದಿನದಕ್ಕೆ ನನ್ನ ನೆನಪನ್ನು ಬಿಟ್ಟರೆ ಸಾಕ್ಷಿ ಇಲ್ಲ.

ಅಮ್ಮ ಜೀಪಿನ ಡಿಕ್ಕಿ ತೆಗೆಸಿದಳು. ಅಕ್ಕಿಯ ಚೀಲ, ಮಸಾಲೆ ಡಬ್ಬಿ ಕೆಳಗಿಳಿಸಿದಳು. ತನ್ನ ಹಸಿರು ದುಪಟ್ಟಾ ಬಿಚ್ಚಿ ಕೊಡವಿದಳು.

“ಬಾ ಇಲ್ಲಿ. ಪೂರ್ವಕ್ಕೆ ಮುಖ ಮಾಡಿ ಕೂತ್ಕೋ. ಪೂರ್ವ ಯಾವ ಕಡೇರಿ?”

“ಎಂತ ಅಕ್ಕ ಇದು?”

“ಹೋಗೋದು ಅಂತ ಆದ್ಮೇಲೆ ಬರಿಮಡಿಲಲ್ಲಿ ಕಳಿಸೋಕಾಗುತ್ತಾ? ನಿಮ್ಮಣ್ಣ ಮಾತು ಬಿಟ್ರೆ ತವರು ಹೋಗ್ಬಿಡ್ತಾ? ಕೂತ್ಕೋ ಅಂದೆ.”

ಮಡಿಲಕ್ಕಿ! ಮದುವೆಯಾದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವಳ ಸೆರಗಿಗೆ ಅಕ್ಕಿ ತುಂಬಿ, ಮನೆ ತುಂಬಲಿ, ಮಕ್ಕಳಾಗಲಿ ಎಂದು ಹರಸುವ ಶಾಸ್ತ್ರ. ಅದನ್ನು ನಮ್ಮಮ್ಮ ಸನ್ಯಾಸಕ್ಕೆ ಹೊರಟವಳಿಗೆ ಮಾಡಲು ಕೂತಿದ್ದಳು. ಇದಕ್ಕಿಂತ ತಪ್ಪಾದ ಶಾಸ್ತ್ರ ಇನ್ನೊಂದು ಇರಲಾರದು. ಆದರೆ ಹೆಣ್ಣೊಬ್ಬಳು ಮನೆ ಬಿಟ್ಟು ಹೋಗುವಾಗ ಮಾಡಲು ಅಮ್ಮನಿಗೆ ಗೊತ್ತಿದ್ದದ್ದು ಇದೊಂದೇ.

“ಸುಮಾ, ಅದು ನಮ್ಮ ಊಟ!” ಎಂದರು ಅಪ್ಪ.

“ಖುಬೂಸ್ ತಿನ್ರಿ ಒಂದಿನ.”

ಸೆವ್ರಿನ್ ಆಂಟಿ ಕೂತರು. ಹಮೀದ್ ಭಾಯಿ ಇದು ಹೆಂಗಸರ ಕೆಲಸವೆಂದು ಬೆನ್ನು ತಿರುಗಿಸಿ ನಿಂತರು. ದುಪಟ್ಟಾವನ್ನು ಮಡಿಲ ಮೇಲೆ ಹರಡಿ ಅಮ್ಮ ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದಳು. ಅರಿಶಿನದ ಕೊಂಬಿಲ್ಲ, ಮಸಾಲೆ ಡಬ್ಬಿಯ ಅರಿಶಿನದ ಪುಡಿಯನ್ನೇ ಚಿಟಿಕೆ ಹಾಕಿದಳು. ಎಲೆ ಅಡಿಕೆ ಇಲ್ಲ, ತೆಂಗಿನಕಾಯಿಯೂ ಇಲ್ಲ. ಕಾವಲುಗಾರ ದೂರದಿಂದ ಇದನ್ನೆಲ್ಲ ನೋಡುತ್ತಿದ್ದವನು ಹತ್ತಿರ ಬಂದು ಹಮೀದ್ ಭಾಯಿಯ ಕಿವಿಯಲ್ಲಿ ಏನೋ ಕೇಳಿದ. ಹಮೀದ್ ಭಾಯಿ ಒಂದು ಕ್ಷಣ ತಡವರಿಸಿ, ಹೌದು ಎನ್ನುವಂತೆ ತಲೆಯಾಡಿಸಿದರು. ಅವನು ಕೂಡಲೇ ತಗಡಿನ ಕೋಣೆಗೆ ಓಡಿಹೋಗಿ ಒಂದು ಹಿಡಿ ಖರ್ಜೂರ ತಂದು, “ಮಬ್ರೂಕ್, ಮಬ್ರೂಕ್” ಎಂದು ಶುಭ ಕೋರುತ್ತ ಅಮ್ಮನ ಕೈಗೆ ಕೊಟ್ಟ.

“ಏನಂತೆ ಅವನದು?” ಎಂದರು ಅಪ್ಪ.

“ಮದುಮಗಳಾ ಅಂತ ಕೇಳಿದ. ನಾನು ಇನ್ನೆಂತ ಹೇಳುದು?”

ಸೆವ್ರಿನ್ ಆಂಟಿ ನಕ್ಕ ನಗೆಗೆ ಮಡಿಲ ಅಕ್ಕಿ ಅಲ್ಲಾಡಿತು.

“ಒಂದು ಹಣ್ಣಾದ್ರೂ ಬೇಕಿತ್ತು,” ಎಂದು ಅಮ್ಮ ಸುತ್ತ ನೋಡಿದಳು. ಖರ್ಜೂರ ಹಣ್ಣಲ್ಲವೇ ಎಂದು ಯಾರೂ ಕೇಳಲಿಲ್ಲ. ನನ್ನ ಕೈ ಜಾಕೆಟ್ಟಿನ ಜೇಬಿನಲ್ಲಿತ್ತು, ಜೇಬಿನಲ್ಲಿ ಲೂಮಿ ಇತ್ತು. ಆ ಬೆಳಗ್ಗೆಯಿಂದ ಅದನ್ನು ಅಲ್ಲಾಡಿಸುತ್ತಲೇ ಇದ್ದೆ. ಅದನ್ನು ತೆಗೆದು ಅಮ್ಮನಿಗೆ ಚಾಚಿದೆ. ಕೊಟ್ಟರೆ ಅವರು ಹೋಗಿಯೇಬಿಡುತ್ತಾರೆ ಎಂದು ನನಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಗೊತ್ತಿತ್ತೋ ಇಲ್ಲವೋ.

“ಆಯ್ತು. ಅದೂ ಹಣ್ಣೇ,” ಎಂದು ಅಮ್ಮ ಅದನ್ನು ಅಕ್ಕಿಯ ನಡುವೆ ಇಟ್ಟಳು.

“ನನ್ನ ಡಬ್ಬದ್ದೇ ಅಲ್ವಾ ಅದು ಕಳ್ಳ ಪುತಾ?” ಎಂದರು ಸೆವ್ರಿನ್ ಆಂಟಿ. ನನ್ನ ಕೆನ್ನೆಯನ್ನು ಹಿಡಿದ ಅವರ ಕೈಗೆ ಡೆಟಾಲಿನ ವಾಸನೆ.

ದುಪಟ್ಟಾದ ತುದಿಗಳನ್ನು ಗಂಟು ಹಾಕುತ್ತ ಅಮ್ಮ ಹೇಳಿದಳು, “ಹೋದ ಮನೇಲಿ ಇದೇ ಅಕ್ಕೀಲಿ ಪಾಯಸ ಮಾಡ್ಬೇಕು. ಹೊರಗಡೆ ಯಾರಿಗೂ ಕೊಡ್ಬಾರ್ದು. ಮನೆಯೋರೆಲ್ಲ ಉಣ್ಬೇಕು.”

“ಅಕ್ಕ, ಆ ಮನೆಯವರು ಅಂದ್ರೆ ಒಂದು ಛತ್ರದಷ್ಟು ಹೆಂಗಸರು. ಎಲ್ಲಿ ಸಾಕಾಗ್ತದೆ?”

“ಹಾಗಾದ್ರೆ ತೆಳ್ಳಗೆ ಮಾಡು.”

ಅಲ್ಲಿಗೆ ಅಮ್ಮನ ದನಿ ಒಡೆಯಿತು. ಇಬ್ಬರೂ ಬೇಲಿಯ ಬುಡದಲ್ಲಿ ಕೂತು ಅತ್ತರು. ಅಪ್ಪ ಹಮೀದ್ ಭಾಯಿಗೆ, “ಯಲ್ಲಾ, ನಡೀರಿ, ಖುಬೂಸ್ ಎಲ್ಲಿ ಸಿಗುತ್ತೆ ನೋಡೋಣ” ಎಂದರು.

ಕೆಲವೇ ವಾರಗಳಲ್ಲಿ ಸೆವ್ರಿನ್ ಆಂಟಿ ಹೋದರು. ಏರ್‌ಪೋರ್ಟಿಗೆ ನನ್ನನ್ನು ಕರೆದೊಯ್ಯಲಿಲ್ಲ, ಪರೀಕ್ಷೆ ಇತ್ತು. ಮೊಟ್ಟೆಡಬ್ಬಿಯ ಚೆನ್ನೆಮಣೆ ನನಗೆ ಸಿಕ್ಕಿತು. ಅದರಲ್ಲಿ ಒಬ್ಬನೇ ಆಡಲು ಬರುವುದಿಲ್ಲ.

ಈಗ ಎಲ್ಲರ ಹೇಳಿಕೆಗಳು. ಅಪ್ಪನ ಪ್ರಕಾರ ಆ ದಿನ ಅಡುಗೆಯಾಗದ್ದಕ್ಕೆ ಕಾರಣ ಗಾಳಿ. ಸ್ಟೌ ಹತ್ತಲೇ ಇಲ್ಲ, ಅದಕ್ಕೇ ಖುಬೂಸ್ ತಿಂದದ್ದು. ಅಮ್ಮನ ಪ್ರಕಾರ ಹಸಿ ಅಕ್ಕಿ ಒಯ್ದಿರಲೇ ಇಲ್ಲ. “ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕ್ಕೊಂಡ್ ಹೋಗಿದ್ವಿ. ಸನ್ಯಾಸಕ್ಕೆ ಹೋಗೋಳಿಗೆ ಯಾರಾದ್ರೂ ಮಡಿಲಕ್ಕಿ ಹಾಕ್ತಾರೇನೋ? ನಂಗಷ್ಟು ಗೊತ್ತಾಗಲ್ವಾ?” ಹಮೀದ್ ಭಾಯಿಯನ್ನು ಕೇಳೋಣವೆಂದರೆ ಅವರು ಈಗಿಲ್ಲ. ಹಡಗಿನ ಎರಡು ಫೋಟೋಗಳಿವೆ. ಹೋಗುವಾಗಿನದರಲ್ಲಿ ಅಮ್ಮನ ಕೊರಳಲ್ಲಿ ಹಸಿರು ದುಪಟ್ಟಾ ಇದೆ, ಬರುವಾಗಿನದರಲ್ಲಿ ಇಲ್ಲ. ಆದರೆ ಅಂಥ ಗಾಳಿಗೆ ದುಪಟ್ಟಾ ಹಾರಿಹೋಗಲೂಬಹುದು.

ಓದು ಮುಗಿಸಿ, ಎರಡು ಮೂರು ಊರು ಅಲೆದು, ಎಲ್ಲೂ ನಿಲ್ಲದೆ ನಾನೂ ಕುವೈತಿಗೇ ಕೆಲಸಕ್ಕೆ ಬಂದೆ. ಖೈತಾನಿನಲ್ಲಿ ನಮ್ಮ ಕಟ್ಟಡವಿದ್ದ ಜಾಗದಲ್ಲಿ ಈಗ ಬೇರೊಂದು ಕಟ್ಟಡ ಎದ್ದಿದೆ. ಕೆಳಗೆ ಬೇಕರಿಯ ಬದಲು ಮೊಬೈಲ್ ಅಂಗಡಿ. ಕಿಟಕಿ ತೆರೆಯುವ ಕಾಲ ಬಂದರೂ ಯಾರೂ ಕಿಟಕಿ ತೆರೆಯುವುದಿಲ್ಲ. ಫೈಲಕಾಕ್ಕೂ ಹೋಗಿ ಬಂದೆ. ಬೇಲಿ ಇದೆ, ಗೆರೆಗಳಂಥ ಗೋಡೆಗಳಿವೆ, ಆದರೆ ನಾವು ನಿಂತ ಜಾಗ ಯಾವುದೆಂದು ಗೊತ್ತಾಗಲಿಲ್ಲ. ಆ ಜಾಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಚರ್ಚಿನ ಮಾತಿದೆ, ಅಂಗಳವಿರುವ ಪುಟ್ಟ ಮನೆಗಳ ಮಾತಿದೆ, ಮಠವೆಂಬ ಮಾತೂ ಇದೆ. ನಾನು ಓದಿದ್ದರಲ್ಲಿ ಎಲ್ಲೂ ಸನ್ಯಾಸಿನಿಯರ ಸುದ್ದಿಯಿಲ್ಲ. ಸೆವ್ರಿನ್ ಆಂಟಿ ಬಟ್ಟೆ ಒಣಗಿಸಲು ಆರಿಸಿಕೊಂಡ ಆ ಅಂಗಳ ಯಾವನೋ ಗಡ್ಡದ ಸನ್ಯಾಸಿಯದಾಗಿದ್ದಿರಬೇಕು. ಅಲ್ಲಿಗೆ ಆ ದಿನದ ಬುನಾದಿಯೇ ಹೋಯಿತು.

ಕಳೆದ ರಜೆಯಲ್ಲಿ ಮೈಸೂರಿನಿಂದ ಒಬ್ಬನೇ ಘಟ್ಟ ಇಳಿದು ಆ ಮಠ ಹುಡುಕಿಕೊಂಡು ಹೋದೆ. ಸೆವ್ರಿನ್ ಆಂಟಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಅಲ್ಲಿ ಅವರಿಗೆ ಬೇರೆ ಹೆಸರು, ಸಮಾಧಿಯ ಮೇಲೂ ಅದೇ ಹೆಸರು. ಅದರ ಮುಂದೆ ನಿಂತರೆ ಯಾರದೋ ಮುಂದೆ ನಿಂತ ಹಾಗಿತ್ತು. ಪುತಾ ಎಂದು ನನ್ನನ್ನು ಕರೆಯುವ ದನಿ ಈ ಲೋಕದಲ್ಲಿ ಇನ್ನು ಇಲ್ಲ ಎಂಬುದು ಅಲ್ಲೇ ನಿಂತು ಅರಿವಾಯಿತು.

ಅವರ ಜೊತೆಗೇ ಮಠ ಸೇರಿದ, ಅಡುಗೆಮನೆ ನೋಡಿಕೊಳ್ಳುವ ಸಿಸ್ಟರ್ ಒಬ್ಬರಿದ್ದರು. ನನಗೆ ಟೀ ಕೊಟ್ಟು ಎದುರಿಗೆ ಕೂತರು. ನಾನು ಬಹಳ ಹುಷಾರಾಗಿ ಕೇಳಿದೆ. ಉತ್ತರ ನನ್ನ ಪ್ರಶ್ನೆಯೊಳಗೇ ಇರಬಾರದು. ಅಕ್ಕಿ ಎನ್ನಲಿಲ್ಲ, ದ್ವೀಪ ಎನ್ನಲಿಲ್ಲ.

“ಅವರು ಕುವೈತಿನಿಂದ ಬಂದ ದಿನ ನಿಮಗೆ ನೆನಪಿದೆಯಾ?”

“ಅಯ್ಯೋ, ಅದು ಮರೆಯುವುದುಂಟಾ?” ಎಂದು ಅವರು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. “ಎಲ್ಲರೂ ಗಲ್ಫಿನಿಂದ ಎಂತೆಂತ ತರ್ತಾರೆ, ಇವಳು ಹಸಿರು ಬಟ್ಟೆಯಲ್ಲಿ ಅಕ್ಕಿ ಕಟ್ಟಿಕೊಂಡು ಬಂದಿದ್ದಳು. ತವರುಮನೆಯ ಅಕ್ಕಿ, ಪಾಯಸ ಮಾಡ್ಲೇಬೇಕು ಅಂತ ಹಟ. ಮದರಿಗೂ ಎಂತ ಹೇಳುದು ಗೊತ್ತಾಗ್ಲಿಲ್ಲ. ಅದರಲ್ಲಿ ಒಂದು ಕಪ್ಪು ನಿಂಬೆ ಇತ್ತು. ಹಾಳಾಗಿದೆ ಅಂತ ನಾನು ಬಿಸಾಡ್ಲಿಕ್ಕೆ ಹೋದ್ರೆ ಕೈ ಹಿಡಿದಳು. ಅದು ನಮ್ಮ ಪುತಾನದ್ದು, ಅದನ್ನೂ ಹಾಕು ಅಂತ.”

ಆ ಸಂಜೆ ಬಸ್ ಸ್ಟ್ಯಾಂಡಿನಿಂದ ಅಮ್ಮನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ನನ್ನ ವಾದ ಗೆದ್ದಿತ್ತು. ಬಸ್ಸುಗಳ ಗದ್ದಲದ ನಡುವೆ ಅಮ್ಮ ಕೇಳಿದ್ದು ಒಂದೇ ಮಾತು.

“ಎಲ್ರಿಗೂ ಸಾಕಾಯ್ತಂತೇನೋ?”

ಅದನ್ನೂ ಕೇಳಿಕೊಂಡೇ ಬಂದಿದ್ದೆ. ತೆಂಗಿನಹಾಲು, ಬೆಲ್ಲ ಹಾಕಿ ಮಾಡಿದ ಆ ಪಾಯಸ ತೆಳ್ಳಗಿತ್ತು, ಸ್ವಲ್ಪ ಹುಳಿಯಾಗಿತ್ತು, ಮನೆಯವರೆಲ್ಲರಿಗೂ ಸಾಕಾಗಿತ್ತು.